ಗೋಡೆ ನೋಡಲು ಬನ್ನಿ, ಆಯುಕ್ತರೇ

ಬೆಂಗಳೂರು, ಡಿಸೆಂಬರ್ 2025

ಮಾನ್ಯ ಆಯುಕ್ತರಿಗೆ ನಮಸ್ಕಾರ.

ಯಾವ ಪಾಲಿಕೆಯ ಆಯುಕ್ತರು ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಈ ಸೆಪ್ಟೆಂಬರ್ 2ಕ್ಕೆ ಬೆಂಗಳೂರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಮ್ಮೂರು ಯಾವ ದಿಕ್ಕಿಗೆ ಬಿತ್ತು ಎಂದು ಯಾರೂ ಬಂದು ಹೇಳಲಿಲ್ಲ. ಕಸದ ಆಟೊ ಬಾಗಿಲಿಗೆ ಹೊಸ ಸ್ಟಿಕ್ಕರ್ ಬಂದಾಗ ಓದಿಕೊಂಡೆ. ಹಳೆಯದನ್ನು ಪೂರ್ತಿ ಕೀಳದೆ ಅದರ ಮೇಲೇ ಅಂಟಿಸಿದ್ದಾರೆ, ಮೂಲೆಯಲ್ಲಿ ‘ಬೃಹತ್’ ಇನ್ನೂ ಇಣುಕುತ್ತದೆ. ನಮ್ಮಂಥ ಊರುಗಳು ಪಾಲಿಗೆ ಬಂದಿರುವ ಯಾವ ಆಯುಕ್ತರು ಓದಿದರೂ ಈ ಕಾಗದ ತಮಗೇ ಬರೆದದ್ದು ಎಂದುಕೊಳ್ಳಿ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮಾರನೆಯ ದಿನ ಯಾರೋ ಒಬ್ಬ ಗುತ್ತಿಗೆ ಹುಡುಗನಿಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ.

ನಾನು 2005ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗೆದ್ದವಳು. ನಿಂತೆ ಅನ್ನುವುದಕ್ಕಿಂತ ನಿಲ್ಲಿಸಿದರು ಅನ್ನುವುದೇ ಸರಿ, ನಮ್ಮ ಯಜಮಾನರ ಮುಖ ನೋಡಿ ಓಟು ಬಿತ್ತು. ಐದು ವರ್ಷದ ಅವಧಿ ಎರಡೇ ವರ್ಷಕ್ಕೆ ಮುಗಿಯಿತು. 2007ರ ಜನವರಿಯಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲವನ್ನೂ ಒಟ್ಟು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ 110ರಲ್ಲಿ ನಮ್ಮದೂ ಒಂದು. ಕಚೇರಿಗೆ ಬೀಗ ಬಿದ್ದ ದಿನ ಕಾರ್ಯದರ್ಶಿಗಳು ನಡಾವಳಿ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿಸಿ ಟೆಂಪೋಗೆ ಹಾಕಿಸಿದರು. ಆ ಚೀಲ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಕಟ್ಟಡ ಅಲ್ಲೇ ಇದೆ. ಒಳಗೆ ಈಗ ಕೆಟ್ಟ ಬೀದಿದೀಪಗಳನ್ನು ರಾಶಿ ಹಾಕಿದ್ದಾರೆ.

ನಾನು ಕೇಳುವುದು ಒಂದೇ. ನಮ್ಮೂರಿನ ನೀರು, ಕಸ, ಮನೆ, ದನ, ಯಾವುದರ ಬಗ್ಗೆ ಬೇಕಾದರೂ ನೀವು ತೀರ್ಮಾನ ಮಾಡಿ. ಆದರೆ ಜಾರಿಗೆ ತರುವ ಮುಂಚೆ ಅದನ್ನು ಊರಿಗೇ ತಂದು, ಊರವರ ಎದುರು ಗಟ್ಟಿಯಾಗಿ ಒಂದು ಸಲ ಓದಿ ಹೇಳಿಸಿ. ಓದಿದ ಮೇಲೆ ಎದ್ದು ಹೋಗದೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಯಾಕೆ ದೊಡ್ಡದು ಎಂದು ಹೇಳುತ್ತೇನೆ.

ಆಗ ಗ್ರಾಮಸಭೆ ಇದ್ದರೆ ಹಿಂದಿನ ದಿನ ಸಂಜೆ ತಮಟೆ ಹೊಡೆಸಿ ಸಾರಿಸುತ್ತಿದ್ದೆವು. ಜನ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಹೆಂಗಸರಂತೂ ಕಟ್ಟೆಯ ಹಿಂದೆ, ರಾಗಿ ಮಿಲ್ಲಿನ ನೆರಳಿನಲ್ಲಿ ನಿಂತು ಕೇಳಿಸಿಕೊಳ್ಳುವವರು. 2006ರ ಬೇಸಿಗೆ ಇರಬೇಕು. ಕಾರ್ಯದರ್ಶಿಗಳು ಎಂದಿನಂತೆ ಓದಿದರು: ‘ಗ್ರಾಮದ ಎಲ್ಲಾ ಬಡಾವಣೆಗಳಿಗೆ ದಿನಕ್ಕೆ ಒಂದು ಗಂಟೆ ನೀರು ಸರಬರಾಜು ಮಾಡಲಾಗುತ್ತಿದ್ದು, ಯಾವುದೇ ದೂರು ಇರುವುದಿಲ್ಲ.’ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಕಾಲೋನಿಯ ಅಜ್ಜಿಯೊಬ್ಬರು, ‘ಇನ್ನೊಂದ್ ಸತಿ ಓದಪ್ಪ ಅದನ್ನ’ ಅಂದರು. ಅವರು ಓದಿದರು. ‘ಸುಳ್ಳು’ ಅಂದರು ಅಜ್ಜಿ. ಅಧ್ಯಕ್ಷರಿಗೆ ಸಿಟ್ಟು ಬಂತು, ಏನಮ್ಮಾ ಆಧಾರ ಎಂದು ಕೇಳಿಬಿಟ್ಟರು.

‘ಬಾ, ಗೋಡೆ ತೋರುಸ್ತೀನಿ.’

ಸಭೆಗೆ ಸಭೆಯೇ ಎದ್ದು ನಡೆಯಿತು. ಕಾರ್ಯದರ್ಶಿಗಳು ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಅಜ್ಜಿಯ ಮನೆಯ ಬಚ್ಚಲ ಗೋಡೆಗೆ ಇದ್ದಿಲಲ್ಲಿ ಗೆರೆ ಎಳೆದಿತ್ತು. ನೀರು ಬಂದ ದಿನ ನಿಂತ ಗೆರೆ, ಬಾರದ ದಿನ ಮಲಗಿದ ಗೆರೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಸಾಲು. ಗಡಿಯಾರ ಇಲ್ಲದ ಮನೆ, ಆದರೂ ಹೊತ್ತಿನ ಲೆಕ್ಕ ಇತ್ತು: ಡೈರಿ ಹಾಲಿನ ಲಾರಿ ಬರುವ ಮುಂಚೆ ಮೇಲಿನ ಬೀದಿಗೆ ಬಿಡುತ್ತಾರೆ, ಲಾರಿ ಹೋದ ಮೇಲೆ ತಮ್ಮ ಬೀದಿಗೆ, ಅಷ್ಟು ಹೊತ್ತಿಗೆ ಟ್ಯಾಂಕು ತಳ ಕಂಡಿರುತ್ತದೆ. ಕೊನೆಯ ಸಾಲಿನಲ್ಲಿ ನಿಂತ ಗೆರೆ ಹನ್ನೊಂದು. ಎಣಿಸಿದವಳು ನಾನೇ. ನೀರುಗಂಟಿ ಅಣ್ಣ ಅಲ್ಲೇ ಇದ್ದ. ವಾಲ್ ತಿರುಗಿಸುವ ಕಬ್ಬಿಣದ ಕೀ ಅವನ ಹೆಗಲ ಮೇಲಿತ್ತು. ಅವನು ತಲೆ ತಗ್ಗಿಸಲಿಲ್ಲ. ‘ಮೇಲಿನ ಬೀದಿಯೋರು ಬೈತಾರೆ ಅಕ್ಕಾ, ಇವ್ರು ಬೈಯಲ್ಲ’ ಅಂದ. ಇಷ್ಟು ನಿಜವಾದ ಮಾತನ್ನು ಪಂಚಾಯಿತಿಯೊಳಗೆ ನಾನು ಅದುವರೆಗೆ ಕೇಳಿರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಕಾಲೋನಿಗೇ ಮೊದಲು ನೀರು ಬಿಡಬೇಕು ಎಂದು ಆ ಗೋಡೆಯ ಮುಂದೆಯೇ ಬರೆಸಿದೆವು. ಮೇಲಿನ ಬೀದಿ ನಮ್ಮದೇ. ಮನೆಗೆ ಹೋದ ಮೇಲೆ ನಮ್ಮತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಓದಿ ಹೇಳದಿದ್ದರೆ ಆ ಸಾಲು ‘ಯಾವುದೇ ದೂರು ಇರುವುದಿಲ್ಲ’ ಎಂದೇ ಪುಸ್ತಕದಲ್ಲಿ ಉಳಿಯುತ್ತಿತ್ತು.

ಹಾಗೆಂದು ಪಂಚಾಯಿತಿ ಕಾಲ ಸ್ವರ್ಗವಾಗಿತ್ತು ಎಂದು ಹೇಳಿದರೆ ನನ್ನ ನಾಲಿಗೆಯಲ್ಲಿ ಹುಳ ಬಿದ್ದೀತು. ಇವತ್ತು ನಿಮ್ಮ ತಲೆನೋವಾಗಿರುವ ಬಿ ಖಾತಾದ (ನಿಯಮ ಮೀರಿದ ಸೈಟು, ಮನೆಗಳನ್ನು ಪಾಲಿಕೆ ಬೇರೆ ಪುಸ್ತಕದಲ್ಲಿ ಬರೆದಿಡುವ ಖಾತೆ) ಬೀಜ ಬಿತ್ತಿದವರು ನಾವೇ. ಊರಾಚೆಯ ಹೊಲವನ್ನು ಭೂ ಪರಿವರ್ತನೆ ಇಲ್ಲ, ಏನಿಲ್ಲ, ಸುಣ್ಣದ ಗೆರೆ ಎಳೆದು ಸೈಟು ಮಾಡಿದರು. ಪಂಚಾಯಿತಿ ಖಾತೆಗೆ ನಿರ್ಣಯ ಬೇಕು ಅಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಅದಕ್ಕೆ ನಾನು ದುಡ್ಡು ಮುಟ್ಟಲಿಲ್ಲ ಎಂದು ಹೇಳಿಕೊಂಡರೆ ಏನು ಬಂತು? ಆ ನಿರ್ಣಯವನ್ನು ನಾವು ಗ್ರಾಮಸಭೆಯಲ್ಲಿ ಓದಿರಲಿಲ್ಲ, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದೆವು. ಓದಿದ್ದರೆ ಹೊಲದ ಪಕ್ಕದ ಕಾಲುವೆ ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಒಬ್ಬ ರೈತ ಕೇಳಿಯೇ ಕೇಳುತ್ತಿದ್ದ. ಈಗ ಪ್ರತಿ ಮಳೆಗಾಲದಲ್ಲಿ ಆ ಬಡಾವಣೆಯ ಮೂರನೇ ಕ್ರಾಸಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಸಾಲ ಮಾಡಿ ಸೈಟು ಕೊಂಡ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೊದವರು ಇಷ್ಟು ವರ್ಷ ಬ್ಯಾಂಕ್ ಸಾಲ ಸಿಗದೆ, ನಕ್ಷೆ ಮಂಜೂರಾಗದೆ ಒದ್ದಾಡಿದರು. ಕಳೆದ ತಿಂಗಳು ಶುರುವಾದ ಯೋಜನೆಯಲ್ಲಿ ಸರ್ಕಾರ ಜಮೀನಿಗೆ ಕಟ್ಟಿದ ಮಾರ್ಗಸೂಚಿ ದರದ ಶೇ. 5 ಕಟ್ಟಿದರೆ ಬಿ ಖಾತಾ ಎ ಆಗುತ್ತದಂತೆ. ನಾವು ಎತ್ತಿದ ಕೈಗೆ ಅವರು ಕಟ್ಟುತ್ತಿರುವ ದಂಡ ಅದು. ಅವರಲ್ಲಿ ಮೂರು ಜನ ನನ್ನನ್ನು ಕಂಡರೆ ಈಗಲೂ ‘ಮೆಂಬರಮ್ಮ’ ಅಂತಾರೆ. ಅದರಲ್ಲಿ ಮರ್ಯಾದೆ ಎಷ್ಟು, ಚುಚ್ಚುವುದೆಷ್ಟು ಎಂದು ನಾನು ಕೇಳಲು ಹೋಗಿಲ್ಲ.

ಬಾಗಿಲು ಹಾಕಿಕೊಂಡು ಮಾಡಿದ ತೀರ್ಮಾನ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿದವಳು ನಾನು. ಅದಕ್ಕೇ ನಿಮ್ಮ ಬಾಗಿಲು ತಟ್ಟುತ್ತಿದ್ದೇನೆ.

ಪಾಲಿಕೆ ಸೇರಿದ ಮೇಲೆ ಜಗಳ ಆಡುವುದಕ್ಕೆ ಜಾಗವೇ ಇಲ್ಲದಂತಾಯಿತು. ಲೆಕ್ಕ ಹಾಕಿ ನೋಡಿ. 2007ರಲ್ಲಿ ನಮ್ಮ ಪಂಚಾಯಿತಿ ಹೋಯಿತು. ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಮೂರು ವರ್ಷ ಯಾರೂ ಇಲ್ಲ. ಎರಡನೆಯದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಇವತ್ತಿನವರೆಗೆ ಚುನಾವಣೆಯೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ನಮಗೆ ಕಾರ್ಪೊರೇಟರ್ ಅಂತ ಇದ್ದದ್ದು ಹೆಚ್ಚುಕಡಿಮೆ ಹತ್ತು ವರ್ಷ. ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ, ಆರು ತಿಂಗಳಿಗೆ ಒಂದಾದರೂ ಗ್ರಾಮಸಭೆ. ನಾನು ಹಾಲು ಹಾಕಲು ಡೈರಿಗೆ ಹೋಗಿ ಬರುವುದರೊಳಗೆ ನನಗೆ ಓಟು ಹಾಕಿದ ಅರ್ಧ ಜನರ ಮುಖ ನೋಡಲೇಬೇಕಿತ್ತು. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಈಗ ಐದು ಪಾಲಿಕೆಗೂ ಸೇರಿ 369 ವಾರ್ಡ್ ಮಾಡಿದ್ದೀರಿ. 2011ರ ಜನಗಣತಿಯಂತೆ ಪಾಲಿಕೆಯಲ್ಲಿ 84 ಲಕ್ಷ ಜನ, ಆ ಹಳೆಯ ಲೆಕ್ಕ ಹಿಡಿದರೂ ವಾರ್ಡಿಗೆ 22 ಸಾವಿರದ ಮೇಲಾಯಿತು. ಈಗಿನ ಜನಸಂಖ್ಯೆಗೆ ಎಷ್ಟೋ. ನಾಳೆ ಚುನಾವಣೆ ಆದರೂ ಆ ಕಾರ್ಪೊರೇಟರ್‌ಗೆ ನಮ್ಮೂರಿನ ಬಚ್ಚಲ ಗೋಡೆ ಕಾಣುವುದು ಕಷ್ಟ. ಚುನಾವಣೆ ಮಾಡಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಓದಿ ಹೇಳಿಸುವುದಕ್ಕೆ ಚುನಾವಣೆ ಬೇಕಿಲ್ಲವಲ್ಲ.

ನೀರಿನಿಂದಲೇ ಶುರು ಮಾಡಿ. ನೀರು ಬಿಡುವುದು ಜಲಮಂಡಳಿಯ ಕೆಲಸ, ಗೊತ್ತು, ಅವರನ್ನೂ ಜೊತೆಗೆ ಕರೆತನ್ನಿ. ಕಾವೇರಿ ಐದನೇ ಹಂತ ನಮ್ಮ 110 ಹಳ್ಳಿಗಳಿಗೆಂದೇ ಆದದ್ದು, ದಿನಕ್ಕೆ 775 ದಶಲಕ್ಷ ಲೀಟರ್. 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಅದನ್ನು ಉದ್ಘಾಟಿಸಿದ ದಿನ ನಮ್ಮ ಬೀದಿಯಲ್ಲಿ ಎರಡು ಮನೆಯವರು ಪಾಯಸ ಮಾಡಿದ್ದರು. ತಮಾಷೆಯಲ್ಲ. ಅದೇ ವರ್ಷದ ಫೆಬ್ರವರಿ, ಮಾರ್ಚಿನ ಬರ ನೋಡಿದವರಿಗೆ ಅದು ಹಬ್ಬವೇ. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತು: 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600 ರೂಪಾಯಿ, 12 ಸಾವಿರಕ್ಕೆ ಸಾವಿರ. ಪೇಪರಿನಲ್ಲಿ ಓದಿ ನಮ್ಮ ಬಾಡಿಗೆಯವರೆಲ್ಲ ಕುಣಿದಾಡಿದರು. ಫೋನ್ ಮಾಡಿದರೆ ಟ್ಯಾಂಕರಿನವನು, ‘ಆ ರೇಟಿಗೆ ಪೇಪರ್‌ನೋರ ಹತ್ರಾನೇ ತರಿಸ್ಕೊಳಿ’ ಅಂದ. ಅವನ ಟ್ಯಾಂಕರ್ ತುಂಬುತ್ತಿದ್ದದ್ದು ನಮ್ಮ ದಾಯಾದಿಗಳ ತೋಟದ ಬೋರ್‌ವೆಲ್‌ನಿಂದ. ತೋಟ ಹೋಗಿ ಎಷ್ಟೋ ವರ್ಷವಾಯಿತು, ಬೋರು ಉಳಿದಿತ್ತು. ಊರಿನ ನೀರನ್ನು ಊರಿನವರೇ ಊರಿನವರಿಗೆ ಮಾರಿದ್ದು. ಆ ದರವನ್ನು ನಮ್ಮ ಕಟ್ಟೆಯ ಮೇಲೆ ನಿಂತು, ಬೋರಿನ ಯಜಮಾನರು ಎದುರಿಗಿರುವಾಗ ಒಬ್ಬ ಅಧಿಕಾರಿ ಓದಿ ಹೇಳಿದ್ದರೆ? ಎಲ್ಲ ನೆಟ್ಟಗಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಸಂಬಂಧಿಕರ ಎದುರು ಮುಖ ಎತ್ತಿಕೊಂಡು ಹೆಚ್ಚಿಗೆ ಕೇಳುವುದು ಫೋನಿನಲ್ಲಿ ಕೇಳಿದಷ್ಟು ಸುಲಭವಲ್ಲ.

ಈಗ ಕೊಳಾಯಿ ಬಂದಿದೆ, ನೀರೂ ಬರುತ್ತದೆ. ಬರುವ ಹೊತ್ತು ಮಾತ್ರ ಬ್ರಹ್ಮನಿಗೇ ಗೊತ್ತು. ಕೆಲವು ಸಲ ರಾತ್ರಿ ಒಂದೂವರೆಗೆ ಮೀಟರು ಬುಸ್ಸೆಂದು ಗಾಳಿ ಬಿಡುತ್ತದೆ, ಆ ಸದ್ದಿಗೆ ಎದ್ದು ಸಂಪಿನ ಮುಚ್ಚಳ ತೆಗೆಯಬೇಕು. ನಮ್ಮ ಮೇಲಿನ ಮಹಡಿಯಲ್ಲಿ ಕಲಬುರಗಿ ಕಡೆಯ ಒಂದು ಕುಟುಂಬ ಇದೆ, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಆಕೆ ದಿನಾ ಬೆಳಗ್ಗೆ ಆರಕ್ಕೆ, ‘ಅಕ್ಕಾರ, ಇವತ್ತು ನೀರು ಬರ್ತಾವೇನ್ರಿ?’ ಎಂದು ಕೇಳುತ್ತಾಳೆ. ಮಾಜಿ ಮೆಂಬರಮ್ಮನಿಗೆ ಉತ್ತರ ಗೊತ್ತಿಲ್ಲ. ವಾಲ್ ಬಿಡುವ ಹುಡುಗ ಒಳ್ಳೆಯವನು, ಬೈಕಿನಲ್ಲಿ ಬರುತ್ತಾನೆ, ಐದಾರು ಊರಿಗೆ ಅವನೊಬ್ಬನೇ. ಕೇಳಿದರೆ, ‘ಮೇಲಿಂದ ಮೆಸೇಜ್ ಬರುತ್ತೆ ಆಂಟಿ, ಬಂದಂಗೆ ತಿರುಗಿಸ್ತೀನಿ’ ಅನ್ನುತ್ತಾನೆ. ನಮ್ಮ ನೀರುಗಂಟಿಯನ್ನು ಬೈದರೆ ಅವನು ತಿರುಗಿಸಿ ಬೈಯುತ್ತಿದ್ದ, ಹೊತ್ತು ಬದಲಾಗುತ್ತಿತ್ತು. ಈ ಹುಡುಗನನ್ನು ಬೈದು ಏನು ಪ್ರಯೋಜನ? ದೂರಿನ ನಂಬರಿಗೆ ಫೋನ್ ಮಾಡಿದೆವು. ನಾಲ್ಕನೇ ದಿನ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಮೆಸೇಜ್ ಬಂತು, ಜೊತೆಗೆ ಒಂದು ಫೋಟೊ. ಫೋಟೊದಲ್ಲಿ ನೀರು ಸುರಿಯುವ ಕೊಳಾಯಿ ಇತ್ತು. ಅದು ನಮ್ಮ ಬೀದಿಯದಲ್ಲ. ನಮ್ಮ ಬೀದಿಯಲ್ಲಿ ಅಷ್ಟು ಚೆಂದದ ಗೇಟಿರುವ ಮನೆಯೇ ಇಲ್ಲ.

ದೀಪಾವಳಿ ಕಳೆದ ಮೇಲೆ ನಾನೂ ಗೆರೆ ಎಳೆಯಲು ಶುರು ಮಾಡಿದೆ, ಸಂಪಿನ ಪಕ್ಕದ ಗೋಡೆಗೆ. ಒಲೆ ಇಲ್ಲದ ಮನೆಯಲ್ಲಿ ಇದ್ದಿಲು ಎಲ್ಲಿಂದ ಬರಬೇಕು? ಮೊಮ್ಮಗನ ಮೇಣದ ಬಣ್ಣದ ಕಡ್ಡಿಯಲ್ಲಿ ಎಳೆಯುತ್ತಿದ್ದೇನೆ. ನೇರಳೆ ಬಣ್ಣ.

ಇನ್ನು ಕಸ. ಏಪ್ರಿಲ್ 1ರಿಂದ ಆಸ್ತಿ ತೆರಿಗೆಯ ಜೊತೆಗೇ ಕಸದ ಶುಲ್ಕ ಬಂದಿದೆ. 600 ಚದರಡಿ ಒಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ನಮ್ಮಂಥ 2 ಸಾವಿರ ದಾಟಿದ ಕಟ್ಟಡಕ್ಕೆ 150, ವರ್ಷಕ್ಕೆ 1,800. ಕಟ್ಟಿದ್ದೇನೆ, ತಕರಾರಿಲ್ಲ. ಪೌರಕಾರ್ಮಿಕರ ಕೆಲಸಕ್ಕೆ ದುಡ್ಡು ಬೇಕು. ಬೆಂಗಳೂರಿನ ಕಸವನ್ನು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ತಲೆ ಮೇಲೆ ಸುರಿದ ಕಾಲವನ್ನು ನಾವು ನೋಡಿದ್ದೇವೆ. ಮಂಡೂರಿನ ಜನ ರಸ್ತೆಗೆ ಇಳಿದ ಮೇಲೆ ಅಲ್ಲವೇ 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತದ್ದು. ಕಸ ಬೇರೆ ಮಾಡಿ ಕೊಡಿ ಎಂದರೆ ಕೊಡುತ್ತೇವೆ. ಹಸಿ ಕಸದ ವಿಷಯದಲ್ಲಂತೂ ನನ್ನ ಎರಡು ಹಸು ನಿಮ್ಮ ಆಟೊಗಿಂತ ಚುರುಕು. ಅಕ್ಕಪಕ್ಕದ ನಾಲ್ಕು ಮನೆಯ ತರಕಾರಿ ಸಿಪ್ಪೆ ನಮ್ಮ ಗೋದಲಿಗೇ ಬರುತ್ತದೆ.

ತೊಂದರೆ ಸಗಣಿಯದು. ಆಟೊದವರು ಸಗಣಿ ಮುಟ್ಟುವುದಿಲ್ಲ, ಅವರ ಪಟ್ಟಿಯಲ್ಲಿ ಅದು ಹಸಿಯೂ ಅಲ್ಲ, ಒಣದೂ ಅಲ್ಲ. ಮುಂಚೆ ಊರಿಗೆ ತಿಪ್ಪೆ ಇತ್ತು. ಮನೆಗೊಂದು ತಿಪ್ಪೆಗುಂಡಿ, ಯಾರ ತಿಪ್ಪೆ ಯಾವುದು ಎಂದು ಹುಟ್ಟಿದ ಮಗುವಿಗೂ ಗೊತ್ತು, ಯುಗಾದಿ ಹೊತ್ತಿಗೆ ಗಾಡಿ ಹೇರಿ ಹೊಲಕ್ಕೆ. ತಿಪ್ಪೆಗೆ ಜಗಳವಾಗಿ ಪಂಚಾಯಿತಿ ಮಾಡಿದ್ದೂ ಉಂಟು. ಆ ಜಾಗದಲ್ಲಿ ಈಗ ಪಾರ್ಕು ಆಗಿದೆ. ಚೆನ್ನಾಗಿಯೇ ಇದೆ, ಬೇಡ ಎನ್ನುವುದಿಲ್ಲ, ಸಂಜೆ ನಾನೂ ನಾಲ್ಕು ಸುತ್ತು ಹಾಕುತ್ತೇನೆ. ಆದರೆ ಮೋರಿಗೆ ಸಗಣಿ ತೊಳೆದು ಬಿಟ್ಟರೆ ದಂಡ ಎಂದು ಒಬ್ಬರು ಬಂದು ಹೇಳಿ ಹೋದರು, ಎಲ್ಲಿಗೆ ಹಾಕಬೇಕು ಎಂದು ಕೇಳಿದರೆ ಅವರ ಹತ್ತಿರ ಉತ್ತರ ಇರಲಿಲ್ಲ. ‘ಹಸು ಯಾಕಮ್ಮಾ ಸಾಕ್ತೀರ ಸಿಟಿಯಲ್ಲಿ’ ಅಂದರು. ಹಸು ಸಿಟಿಗೆ ಬರಲಿಲ್ಲ ಸ್ವಾಮಿ, ಸಿಟಿ ಹಸುವಿನ ಹತ್ತಿರ ಬಂತು. ಸಂಕ್ರಾಂತಿಗೆ ಕಿಚ್ಚು ಹಾಯಿಸಲು ಊರಿಗೆಲ್ಲ ಸೇರಿ ಈಗ ಒಂಬತ್ತು ದನ ಉಳಿದಿವೆ. ಒಂಬತ್ತು ದನದ ಸಗಣಿ ಹಾಕಲು ಒಂದು ಮೂಲೆ ಎಲ್ಲಿದೆ ಎಂದು ಕಟ್ಟೆ ಮೇಲೆ ಕೂತು ಕೇಳಿದರೆ ಹತ್ತು ನಿಮಿಷದಲ್ಲಿ ಹೇಳುತ್ತೇವೆ. ಈಗಿನ ನರ್ಸರಿಯವರು ದುಡ್ಡು ಕೊಟ್ಟು ಒಯ್ಯುವ ಮಾಲು ಅದು.

ಮನೆ ಕಟ್ಟುವ ನಿಯಮದ ಮಾತು ಬಂದರೆ ನನ್ನ ಮೈದುನನ ಕತೆ ಹೇಳಬೇಕು. ಗ್ರಾಮಠಾಣದಲ್ಲಿ, ಅಂದರೆ ಊರಿನ ಹಳೇ ಮನೆಗಳಿರುವ ಜಾಗದಲ್ಲಿ, ನಮ್ಮ ಮಾವನವರ ಹಳೇ ತೊಟ್ಟಿಮನೆ ಇತ್ತು. ಭಾಗವಾದಾಗ ಅವನಿಗೆ ಬಂದದ್ದು ದನದ ಕೊಟ್ಟಿಗೆ ಮತ್ತು ನಡುಮನೆಯ ಅರ್ಧ. ಕೆಡವಿ ಅಲ್ಲೇ ಸಣ್ಣದೊಂದು ಮನೆ ಕಟ್ಟಿದ. ಎರಡು ಕಡೆ ಗೋಡೆ ಪಕ್ಕದವರದಕ್ಕೆ ಅಂಟಿದೆ, ಗ್ರಾಮಠಾಣದಲ್ಲಿ ಮನೆಗಳು ಇರುವುದೇ ಹಾಗೆ. ಅಲ್ಲಿ ಸರ್ವೆ ನಂಬರ್ ಇಲ್ಲ, ಸುತ್ತ ಇಷ್ಟು ಅಡಿ ಬಿಡಬೇಕು ಎಂದರೆ ಬಿಡಲು ಜಾಗವೂ ಇಲ್ಲ. ಬಿಟ್ಟರೆ ಮಧ್ಯದಲ್ಲಿ ತುಳಸಿಕಟ್ಟೆ ಉಳಿಯುತ್ತದೆ ಅಷ್ಟೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸ ಮಾಡಬಹುದು ಎಂದು ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು, ಒಳಚರಂಡಿ ಕೊಡಬಾರದು ಎಂದಿತು. ಕೋರ್ಟ್ ನೋಡಿದ್ದು ಅಕ್ರಮವಾಗಿ ಎದ್ದ ಅಂಗಡಿಗಳ ಕಟ್ಟಡವನ್ನು, ತಪ್ಪು ಹೇಳುವ ಹಾಗಿಲ್ಲ. ಏಟು ಬಿದ್ದದ್ದು ಇವನಿಗೂ. ಮನೆ ಪೂರ್ತಿಯಾಗಿ, ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿ ಕಾರ್ಡು ಹಂಚಿದ ಮೇಲೆ ಮೀಟರ್ ಇಲ್ಲ ಅಂದರು. ಗೃಹಪ್ರವೇಶ ಮಾಡಿದ್ದು ನಮ್ಮ ಮನೆಯಿಂದ ಎಳೆದ ವೈರಿನಲ್ಲಿ. ಗ್ರೈಂಡರ್ ಹಾಕಿದರೆ ಎರಡು ಮನೆಯಲ್ಲೂ ದೀಪ ಮಂಕಾಗುತ್ತಿತ್ತು. ಎಂಟು ತಿಂಗಳು ಹಾಗೇ ನಡೆಯಿತು.

ಅಕ್ಟೋಬರ್‌ನಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿತು: 1,200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು ಅಂತಸ್ತು, ಇಲ್ಲವೇ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಬಿಟ್ಟ ಬರೀ ಕಂಬದ ಅಂತಸ್ತು) ಮೇಲೆ ಮೂರು ಅಂತಸ್ತಿನ ಮನೆಗೆ ಆ ಪತ್ರ ಬೇಡ. ದೊಡ್ಡ ಉಪಕಾರವಾಯಿತು, ಮನಸಾರೆ ಹೇಳುತ್ತೇನೆ. ಆದರೆ ಆ ಉಪಕಾರ ನಮ್ಮ ಬೀದಿಗೆ ಬಂದ ಬಗೆ ನೋಡಿ. ಟಿವಿಯಲ್ಲಿ ಒಂದು ಸಾಲು ಬಂತು. ಮೈದುನ ಸೈಬರ್ ಸೆಂಟರಿಗೆ ನಾಲ್ಕು ಸಲ ಹೋದ. ಒಬ್ಬ ಬ್ರೋಕರ್ ಬಂದು, ‘ಗ್ರಾಮಠಾಣಕ್ಕೆ ಇದು ಅನ್ವಯ ಆಗಲ್ಲ, ನಾನು ಮಾಡಿಸ್ಕೊಡ್ತೀನಿ’ ಅಂದ. ಇನ್ನೊಬ್ಬ ಅನ್ವಯ ಆಗುತ್ತದೆ, ಆದರೆ ಖರ್ಚು ಇದೆ ಅಂದ. ಎರಡೂ ಮಾತಿಗೆ ರೇಟು ಮಾತ್ರ ಒಂದೇ. ಸರಿಯಾದ ಒಬ್ಬ ಅಧಿಕಾರಿ ಆದೇಶವನ್ನು ನಮ್ಮ ಕಟ್ಟೆ ಮೇಲೆ ಓದಿ, ‘ನಿಮಗೆ ಆಗುತ್ತೆ’ ಅಥವಾ ‘ಆಗೋದಿಲ್ಲ’ ಎಂದು ಬಾಯಿ ಬಿಟ್ಟು ಹೇಳಿದ್ದರೆ ಆ ಇಬ್ಬರಿಗೂ ನಮ್ಮೂರಿನಲ್ಲಿ ಕೆಲಸ ಇರುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಎಲ್ಲ ಇದೆ ಎನ್ನುತ್ತೀರಿ, ಇದೆ ನಿಜ. ಇ-ಖಾತಾಕ್ಕೂ ಹಾಗೇ ಅಂದಿರಿ. ಓದಲು ಬರುವ ನನ್ನ ಮಗಳಿಗೇ ಅದರಲ್ಲಿ ನಮ್ಮ ಮಾವನವರ ಹೆಸರಿನ ಇನಿಷಿಯಲ್ ಸರಿ ಮಾಡಿಸಲು ಒಂದು ವಾರ ಬೇಕಾಯಿತು.

ಬಾಡಿಗೆಯವರ ವಿಷಯ ಬಿಟ್ಟೇಬಿಡುತ್ತಿದ್ದೆ. ನಮ್ಮ ಕಾಲದ ಗ್ರಾಮಸಭೆಯಲ್ಲಿ ಕೂರುವ ಹಕ್ಕು ಇದ್ದದ್ದು ಊರಿನ ಮತದಾರರಿಗೆ. ಈಗ ನಮ್ಮೂರಿನಲ್ಲಿ ಮೂಲದವರಿಗಿಂತ ಬಂದವರೇ ಹೆಚ್ಚು. ರಾಯಚೂರು, ಕಲಬುರಗಿ, ಆಂಧ್ರ, ಒಡಿಶಾ, ಬಂಗಾಳದವರು. ಕೆಲವರ ಓಟು ಅವರ ಊರಿನಲ್ಲಿ, ಕೆಲವರದು ಎಲ್ಲೂ ಇಲ್ಲ. ಆದರೆ ರಾತ್ರಿ ಒಂದೂವರೆಗೆ ಎದ್ದು ಸಂಪು ನೋಡುವವರು ಅವರೇ, ಮಾಲೀಕರು ಮಲಗಿರುತ್ತಾರೆ. (ನಾನು ಎದ್ದೇಳುತ್ತೇನೆ, ಮಂಡಿ ನೋವಿಗೆ ಹೇಗೂ ನಿದ್ದೆ ಇಲ್ಲ.) ಸಭೆ ಮಾಡಿದರೆ ಓಟರ್ ಐಡಿ ಕೇಳಬೇಡಿ. ಆ ಕಲಬುರಗಿ ಹುಡುಗಿ ಕೂರಲಿ. ಮೇಲಿನ ಬೀದಿಯವಳಾದ ನಾನು ಒಂದು ಕಾಲದಲ್ಲಿ ಕಾಲೋನಿಯ ಅಜ್ಜಿಯಿಂದ ಲೆಕ್ಕ ಕಲಿತೆ. ಈಗ ಬಾಡಿಗೆ ಕೊಡುವವಳಿಂದ ಕಲಿಯಬಹುದು, ಬಾಡಿಗೆ ತೆಗೆದುಕೊಳ್ಳುವವರಿಗೆ ಅದು ಸ್ವಲ್ಪ ಕಹಿ. ಸಂಪಿಗೆ ಎಷ್ಟು ನೀರು ಬಂತು, ಮೇಲಿನ ಟ್ಯಾಂಕಿಗೆ ಎಷ್ಟು ಏರಿಸಿದಿರಿ ಎಂದು ಅವಳು ಎಲ್ಲರೆದುರು ಕೇಳಿದರೆ ನಾನೂ ಉತ್ತರ ಕೊಡಬೇಕಾಗುತ್ತದೆ.

ಇದನ್ನೆಲ್ಲ ಮಾಡಲು ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಪಂಚಾಯಿತಿ ಕಟ್ಟಡದಿಂದ ಆ ಕೆಟ್ಟ ದೀಪಗಳನ್ನು ಹೊರಗೆ ಹಾಕಿಸಿದರೆ ನಲವತ್ತು ಜನ ಕೂರಬಹುದು, ಮಿಕ್ಕವರಿಗೆ ಅರಳಿಕಟ್ಟೆ ಇದೆ. ತಿಂಗಳಿಗೊಂದು ಸಲ ಸಾಕು. ನೀರು ಬಿಡುವ ದಿನ, ಹೊತ್ತು, ಯಾವ ಬೀದಿಗೆ ಮೊದಲು ಎಂಬುದನ್ನು ಕನ್ನಡದಲ್ಲಿ ದಪ್ಪಗೆ ಬರೆಸಿ ಗೋಡೆಗೆ ಹಾಕಿಸಿ. ಬದಲಾದರೆ ಅಳಿಸಿ ಬರೆಯಿರಿ. ಆ ತಿಂಗಳು ಬಂದ ಹೊಸ ನಿಯಮ ಏನೇ ಇರಲಿ, ಯಾರಾದರೂ ನಿಂತು ಓದಲಿ. ‘ಯಾವುದೇ ದೂರು ಇರುವುದಿಲ್ಲ’ ಎಂಬ ಸಾಲು ಇದ್ದರೆ ಅದನ್ನು ಎರಡು ಸಲ ಓದಲಿ. ಜನ ಬರುವುದಿಲ್ಲ, ಬಂದರೂ ಕೂಗಾಡುತ್ತಾರೆ ಎಂದು ನಿಮ್ಮ ಕೆಳಗಿನವರು ಹೇಳುತ್ತಾರೆ. ಮೊದಲ ಎರಡು ಸಲ ಕೂಗಾಡುವುದು ಖಂಡಿತ. ಐದು ವರ್ಷದ ಕೂಗು ಬಾಕಿ ಇದೆಯಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಬೆಳಗ್ಗೆ ಹತ್ತಕ್ಕೆ ನಾವು ಕಟ್ಟೆಯ ಹತ್ತಿರ ಸೇರುತ್ತಿದ್ದೇವೆ, ನೀವು ಬಂದರೂ ಬಾರದಿದ್ದರೂ. ಹಿಂದಿನ ಸಂಜೆ ತಮಟೆ ಹೊಡೆಸುತ್ತೇವೆ. ಹೊಡೆಯುವ ಹುಡುಗ ಈಗ ಒಂದು ಕಂಪನಿಯಲ್ಲಿ ಸೆಕ್ಯೂರಿಟಿ, ರಜೆ ಹಾಕುತ್ತೇನೆ ಎಂದಿದ್ದಾನೆ. ಕುರ್ಚಿ ನಮ್ಮ ಮನೆಯದು, ಕಾಫಿ ನನ್ನ ಹಸುವಿನ ಹಾಲಿನದು. ನಿಮಗೆ ಬಿಡುವಿಲ್ಲದಿದ್ದರೆ ನೀರಿನ ಹೊತ್ತು ತೀರ್ಮಾನ ಮಾಡುವ ಜಲಮಂಡಳಿಯ ಒಬ್ಬರನ್ನು ಕಳಿಸಿ, ವಾಲ್ ಬಿಡುವ ಹುಡುಗನನ್ನೂ ಜೊತೆಗೆ ಕಳಿಸಿ. ಸಭೆಗೆ ಮುಂಚೆ ನಮ್ಮ ಮನೆಗೆ ಬರಲಿ. ಸಂಪಿನ ಪಕ್ಕದ ಗೋಡೆ ತೋರಿಸುತ್ತೇನೆ. ಅಷ್ಟು ಹೊತ್ತಿಗೆ ನೇರಳೆ ಕಡ್ಡಿ ಮುಗಿದಿರುತ್ತದೆ, ಹಸಿರಿನಲ್ಲಿ ಎಳೆಯುತ್ತಿರುತ್ತೇನೆ.

ಇಂತಿ,
2007ರಲ್ಲಿ ಮುಚ್ಚಿದ ಗ್ರಾಮ ಪಂಚಾಯಿತಿಯೊಂದರ ಮಾಜಿ ಸದಸ್ಯೆ